ಗಿಟಾರಿನ ಹೊಟ್ಟೆ ಕರಗಿದ್ದು ಯಾರಿಗಾಗಿ?

ಹೆಲಿಕಾಪ್ಟರ್ ಮಾಡುವವರು ಗಿಟಾರ್ ಮಾಡಿದರೆ ಹೇಗಿರುತ್ತದೆ? ಇದಕ್ಕೆ ಉತ್ತರ 1966ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸಿಕ್ಕಿತು. ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ಕಂಪನಿ ಕಟ್ಟಿದ ಎಂಜಿನಿಯರ್, ಜತೆಗೆ ಗಿಟಾರ್ ಹುಚ್ಚು ಹತ್ತಿಸಿಕೊಂಡವರು. ಹೆಲಿಕಾಪ್ಟರಿನಲ್ಲಿ ಕಂಪನವನ್ನು ಅಡಗಿಸಬೇಕು, ಗಿಟಾರಿನಲ್ಲಿ ಅದನ್ನು ಬೆಳೆಸಬೇಕು. ಒಂದೇ ವಿದ್ಯೆಯನ್ನು ತಿರುಗಿಸಿ ಬಳಸಿದಾಗ ಹುಟ್ಟಿದ್ದು ‘ಒವೇಷನ್’ ಗಿಟಾರ್. ಅದರ ಬೆನ್ನಿಗೆ ಮರದ ಹಲಗೆ ಇಲ್ಲ, ಫೈಬರ್‌ಗ್ಲಾಸ್‌ನ ಗುಂಡನೆಯ ಬೋಗುಣಿ ಇದೆ. ನೋಡಿದರೆ ನಮ್ಮ ತಂಬೂರಿಯ ಬುರುಡೆ ನೆನಪಾಗುತ್ತದೆ.

ಈ ಬೋಗುಣಿಯಲ್ಲಿ ಆಳದ್ದು, ಮಧ್ಯಮ, ತೆಳು ಎಂಬ ಬಗೆಗಳಿವೆ. ಆಳದ್ದು ಸುಮಾರು ಆರು ಇಂಚು. ಇನ್ನೊಂದು ವ್ಯತ್ಯಾಸ ‘ಕಟ್‌ಅವೇ’. ಕತ್ತಿನ ಪಕ್ಕ ದೇಹವನ್ನು ಕಚ್ಚಿ ತೆಗೆದಂತೆ ಇರುವ ಈ ಜಾಗದಿಂದ ಬೆರಳು ಮೇಲಿನ ಫ್ರೆಟ್‌ಗಳಿಗೆ ಸುಲಭವಾಗಿ ತಲುಪುತ್ತದೆ. ಆಳವೂ ಇರುವ, ಕಟ್‌ಅವೇಯೂ ಇಲ್ಲದ ಮಾದರಿ ಈಗ ನಿಯಮಿತ ತಯಾರಿಕೆಯಲ್ಲಿಲ್ಲ. ಬೇಕೆಂದರೆ ಹಳೆಯದನ್ನೇ ಹುಡುಕಬೇಕು. ಹುಟ್ಟೂರಿನ ಕಾರ್ಖಾನೆಯೂ 2014ರಲ್ಲಿ ಬಾಗಿಲು ಹಾಕಿತು, ಬ್ರಾಂಡ್ ಬೇರೆಯವರ ಕೈ ಸೇರಿತು.

ಹೋದರೆ ಹೋಗಲಿ ಬಿಡಿ ಎನ್ನಬಹುದು. ಆದರೆ ಖಾಲಿ ಬಾಟಲಿಯ ಬಾಯಿಗೆ ಊದಿ ನೋಡಿ. ಬಾಟಲಿ ದೊಡ್ಡದಾದಷ್ಟೂ ಸದ್ದು ಗಂಭೀರವಾಗುತ್ತದೆ. ಇದನ್ನು ಹೆಲ್ಮ್‌ಹೋಲ್ಟ್ಸ್ ಅನುರಣನ ಎನ್ನುತ್ತಾರೆ. ಗಿಟಾರಿನ ಒಳಗಿನ ಗಾಳಿಯೂ ಹೀಗೆಯೇ. ಹೊಟ್ಟೆ ಕರಗಿಸಿದರೆ ಗಾಳಿ ಕಡಿಮೆಯಾಗಿ ಮಂದ್ರ ಸ್ವರಗಳ ತುಂಬುತನವೂ ಸೊರಗುತ್ತದೆ.

ಬದಲಾವಣೆಗೆ ಕಾರಣಗಳಿಲ್ಲದೆ ಇಲ್ಲ. ಆಳದ ಬೋಗುಣಿ ಕೂತು ನುಡಿಸುವಾಗ ತೊಡೆಯಿಂದ ಜಾರುತ್ತದೆ. ವೇದಿಕೆಯಲ್ಲಿ ಪಿಕಪ್, ಆಂಪ್ಲಿಫೈಯರ್ ಇರುವಾಗ ಹೊಟ್ಟೆಯ ಗಾತ್ರ ಅಷ್ಟು ಮುಖ್ಯವಲ್ಲ. ಸೋಲೊ ನುಡಿಸುವವರಿಗೆ ಕಟ್‌ಅವೇ ಬೇಕೇ ಬೇಕು. ಇವನ್ನೆಲ್ಲ ಒಪ್ಪುತ್ತೇನೆ.

ಆದರೆ ನಮ್ಮಲ್ಲಿ ಎಷ್ಟು ಜನ ಹಾಗೆ ನುಡಿಸುತ್ತೇವೆ? ಹಾಸ್ಟೆಲ್ ಟೆರೇಸಿನಲ್ಲಿ, ಕಾಲೇಜ್ ಫೆಸ್ಟ್ ಅಭ್ಯಾಸದಲ್ಲಿ ನಮ್ಮ ಬೆರಳು ಓಡಾಡುವುದು ಹೆಚ್ಚಾಗಿ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ. ಅಲ್ಲಿ ಆಂಪ್ಲಿಫೈಯರ್ ಕೂಡ ಇರುವುದಿಲ್ಲ, ಗಿಟಾರಿನ ಹೊಟ್ಟೆಯೇ ನಮ್ಮ ಸ್ಪೀಕರ್. ಅಂದರೆ ನಾವು ಹೋಗದ ಊರಿಗೆ ದಾರಿ ಮಾಡಿಸಿಕೊಳ್ಳಲು, ದಿನವೂ ಕೇಳುವ ನಾದವನ್ನು ಬಿಟ್ಟುಕೊಡುತ್ತಿದ್ದೇವೆ. ಕಟ್‌ಅವೇ ಇಲ್ಲದ, ದೊಡ್ಡ ಹೊಟ್ಟೆಯ ಗಿಟಾರ್ ಬೇಕೆಂದು ಅಂಗಡಿಯೊಂದರಲ್ಲಿ ಕೇಳಿದ್ದೆ. ‘ಅದೆಲ್ಲ ಹಳೇ ಮಾಡೆಲ್ ಸರ್, ಇದು ನೋಡಿ, ಫೋಟೊಗೂ ಚೆನ್ನಾಗಿರತ್ತೆ’ ಎಂದರು. ಅವರು ಹೇಳಿದ್ದು ಮಾರುಕಟ್ಟೆಯ ಮಾತು. ಕಣ್ಣಿಗೆ ಕಾಣುವುದು ಬೇಗ ಮಾರಾಟವಾಗುತ್ತದೆ, ಕಿವಿಗೆ ಕೇಳುವುದನ್ನು ಪರೀಕ್ಷಿಸಲು ಸಮಯ ಬೇಕು.

ಒಳ್ಳೆಯ ವಿನ್ಯಾಸ ಯಾವುದೆಂದು ಎಂಜಿನಿಯರಿಂಗ್ ಓದುವ ನಾವು ದಿನವೂ ಚರ್ಚಿಸುತ್ತೇವೆ. ಬಳಸುವವರಿಗೆ ಏನು ಬೇಕು ಎಂಬುದೇ ಅದರ ಮೊದಲ ಪ್ರಶ್ನೆ ಆಗಬೇಕಲ್ಲವೇ? ವರ್ಷಕ್ಕೊಮ್ಮೆ ಮುಂಗಡ ಬುಕಿಂಗ್ ಪಡೆದು ಇಂಥ ಹಳೆಯ ಮಾದರಿಗಳ ಸಣ್ಣ ಕಂತನ್ನು ಕಂಪನಿಗಳು ತಯಾರಿಸಬಹುದು. ಬೋಗುಣಿಯ ಅಚ್ಚು ಹಾಳಾಗದೆ ಉಳಿದರೂ ಸಾಕು. ನಾವು ಮಾಡಬಹುದಾದದ್ದೂ ಇದೆ. ಮುಂದಿನ ಸಲ ಗಿಟಾರ್ ಕೊಳ್ಳುವಾಗ ಕಣ್ಣು ಮುಚ್ಚಿ ಎರಡು ಗಿಟಾರ್ ನುಡಿಸಿ ಕೇಳಿ. ಯಾರದೋ ಮನೆಯ ಅಟ್ಟದಲ್ಲಿ ದಪ್ಪ ಹೊಟ್ಟೆಯ ಹಳೆಯ ಗಿಟಾರ್ ಸಿಕ್ಕರೆ ಗುಜರಿಗೆ ಹಾಕಲು ಬಿಡಬೇಡಿ, ಹೊಸ ತಂತಿ ಹಾಕಿಸಿ.