ಕೋವಿಯ ಹಿಡಿಗೆ ಎಣ್ಣೆ, ಠಾಣೆಯಲ್ಲಿ ತುಕ್ಕು

ಬೈಂದೂರು ಬಳಿಯ ನಮ್ಮ ಮನೆಯಲ್ಲಿ ಅಜ್ಜಯ್ಯನ ಕಾಲದ, ಅಕ್ರೋಟು ಮರದ ಹಿಡಿಯ ಬೇಟೆಕೋವಿಯೊಂದಿದೆ. 2023ರ ವಿಧಾನಸಭಾ ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟಿದ್ದ ಅದನ್ನು ಮಳೆ ಹಿಡಿದ ಮೇಲೆ ಮರಳಿ ಪಡೆದಾಗ ನಳಿಗೆಗೆ ತುಕ್ಕು ಹಿಡಿದಿತ್ತು, ಹಿಡಿ ಸೀಳಿತ್ತು.

ನೆಂಟರು ಫೈಬರ್ ಹಿಡಿ ಹಾಕಿಸಿ ಹೊಸ ರೂಪ ಕೊಡಿಸೆಂದರು. ಮನಸ್ಸೊಪ್ಪಲಿಲ್ಲ. ಸೀಳನ್ನು ಅಂಟಿನಿಂದ ಬೆಸೆದು, ಹಳೆಯ ಮೆರುಗನ್ನು ಉಪ್ಪುಕಾಗದದಿಂದ ತೆಗೆದು, ದಿನಕ್ಕೊಂದು ತೆಳುಲೇಪದಂತೆ ಅಗಸೆ ಎಣ್ಣೆ ತಿಕ್ಕಿದೆ. ಮರದ ಕಪ್ಪು ಗೆರೆಗಳು ಮತ್ತೆ ಮೂಡಿದವು. ನಳಿಗೆಯ ಕೆಲಸವನ್ನು ಪರವಾನಗಿಯುಳ್ಳ ಕುಶಲಕರ್ಮಿಗೇ ಒಪ್ಪಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಯಸುವುದೂ ಅದನ್ನೇ.

ಬೇಟೆಯ ಹಂಬಲದಿಂದ ಇದನ್ನು ಬರೆಯುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಬೇಟೆಯ ಪರವಾನಗಿಗಳನ್ನೇ ಕೊನೆಗಾಣಿಸಿತು. ಅದು ಸರಿಯೇ. ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೃಷಿಕನಿಗೆ ಕೋವಿ ಬೇಕಾಗಿರುವುದು ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಸದ್ದಿನಿಂದ ಬೆದರಿಸುವುದಕ್ಕೆ.

ಚುನಾವಣಾ ಆಯೋಗದ ಸೂಚನೆಯಲ್ಲಿರುವುದು ಪರವಾನಗಿಗಳ ಪರಿಶೀಲನೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಭಾಗಿಯಾದವರ ಕಡೆಗೇ ಅದರ ಮುಖ್ಯ ಗಮನ. ಆದರೂ ಎಲ್ಲ ಕೃಷಿಕರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇಕೆ? ಇರಿಸಿಕೊಳ್ಳಲೇಬೇಕಾದರೆ ಕೋವಿಯ ಸ್ಥಿತಿಯನ್ನು ರಸೀದಿಯಲ್ಲಿ ದಾಖಲಿಸಲಿ, ಒಣ ಕೋಣೆಯಲ್ಲಿ ನಿಲ್ಲಿಸಲಿ, ಮಳೆಗೆ ಮುನ್ನ ಹಿಂದಿರುಗಿಸಲಿ.

ಹಿಡಿಗೆ ಮತ್ತೊಮ್ಮೆ ಎಣ್ಣೆ ಹಚ್ಚಲು ನಾನು ಸಿದ್ಧ. ಆದರೆ ಪ್ರತಿ ಚುನಾವಣೆಗೂ ಸೀಳನ್ನು ಬೆಸೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಅಜ್ಜಯ್ಯನ ಕೋವಿಯಲ್ಲ, ಬರೀ ಅಂಟು.