ಮತಪೆಟ್ಟಿಗೆಯ ಕಾವಲಿಗೆ ಶಾಸನದ ಆಧಾರ ಬೇಕು

ಗ್ರಾಮ ಪಂಚಾಯಿತಿ ಚುನಾವಣೆಯ ದಿನ ಮತದಾನಕ್ಕೆ ಮೊದಲು ಮತಗಟ್ಟೆಯ ಅಧಿಕಾರಿಯು ಬರಿದಾದ ಪೆಟ್ಟಿಗೆಯನ್ನು ಏಜೆಂಟರ ಮುಂದೆ ತೆರೆದು ತೋರಿಸಿ, ಕಾಗದದ ಮೊಹರಿನ ಮೇಲೆ ಅವರ ರುಜು ಪಡೆದು, ಮುಚ್ಚಳ ಬಿಗಿದು ಅರಗಿನ ಮುದ್ರೆಯೊತ್ತುವ ಕ್ರಿಯೆಯಲ್ಲಿ ಪ್ರಜಾಪ್ರಭುತ್ವದ ಸಮಸ್ತ ಗಾಂಭೀರ್ಯವೂ ಅಡಗಿದೆ. ಆ ಪೆಟ್ಟಿಗೆಯು ಮುಂಡರಗಿ ಸೀಮೆಯ ತುಂಗಭದ್ರೆಯ ತಡಿಯ ಹಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು, ಡಿಮಸ್ಟರಿಂಗ್ (ಮತಗಟ್ಟೆಯ ಸಾಮಗ್ರಿಯನ್ನು ಮರಳಿ ಒಪ್ಪಿಸುವ ಕಾರ್ಯ) ಮುಗಿಸಿ, ಸ್ಟ್ರಾಂಗ್ ರೂಮಿನ ಬೀಗದೊಳಗೆ ಸೇರಿ, ಎಣಿಕೆಯ ಮೇಜಿಗೆ ಬರುವವರೆಗೆ ಅದನ್ನು ಕಾಯಲು ಬೇಕಾದ ದ್ರವ್ಯವು ಎಲ್ಲಿಂದ ಒದಗಬೇಕೆಂಬುದನ್ನು ಶಾಸನವೇ ನಿಶ್ಚಯಿಸಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಸಂವಿಧಾನದ 243ಕೆ ವಿಧಿಯು ಪಂಚಾಯಿತಿ ಚುನಾವಣೆಗಳ ಹೊಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿ, ಆಯೋಗವು ಕೋರಿದಾಗ ರಾಜ್ಯಪಾಲರು ಅಗತ್ಯವಾದ ಸಿಬ್ಬಂದಿಯನ್ನು ಒದಗಿಸತಕ್ಕದ್ದೆಂದು ವಿಧಿಸುತ್ತದೆ. ಹಣದ ವಿಷಯದಲ್ಲಿ ಅಂಥದೇ ವಿಧಾಯಕ ವಾಕ್ಯ ಅಲ್ಲಿಲ್ಲ. ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ರಾಜ್ಯ ಸರ್ಕಾರಗಳು ಆಯೋಗಕ್ಕೆ ಪೂರ್ಣ ಸಹಕಾರ ನೀಡಬೇಕೆಂದು ಹೇಳಿತು. ಸಹಕಾರವೆಂಬುದು ಕೇಳಿ ಪಡೆಯುವ ವಸ್ತುವಾಗಿರುವಷ್ಟು ಕಾಲ, ಕೇಳುವವನ ಸ್ವಾತಂತ್ರ್ಯ ಅಪೂರ್ಣವೇ.

ಮತದಾನದ ವಿಧಾನ ಬದಲಾದರೆ ಹಣದ ಈ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ. ಗದಗ-ಬೆಟಗೇರಿಯ 35 ವಾರ್ಡುಗಳ ನಗರಸಭೆಗೆ 2021ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಜನ ಯಂತ್ರದ ಗುಂಡಿ ಒತ್ತಿದರು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಸ್ಥಳೀಯ ಚುನಾವಣೆಗಳಿಗೆ ಮತಪತ್ರವನ್ನೇ ಬಳಸಬೇಕೆಂದು ಶಿಫಾರಸು ಮಾಡಿತು. ಯಂತ್ರ ಮೇಲೋ ಪತ್ರ ಮೇಲೋ ಎಂಬ ವಿವಾದದಲ್ಲಿ ಗಂಟಲು ಹರಿದುಕೊಳ್ಳುವವರು ಮುದ್ರಣ, ಪೆಟ್ಟಿಗೆ, ಸಾಗಣೆ, ದೀರ್ಘವಾದ ಎಣಿಕೆ, ಅಷ್ಟೂ ಹೊತ್ತಿನ ಪೊಲೀಸ್ ಕಾವಲು ಇವುಗಳ ವೆಚ್ಚವನ್ನು ಕುರಿತು ಮೌನವಾಗಿರುವುದು ಖೇದಕರ. ಭದ್ರತೆಯು ಬಂದೂಕಿನಿಂದ ಮಾತ್ರ ಆಗತಕ್ಕದ್ದೂ ಅಲ್ಲ. ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಮತದಾರರ ಪಟ್ಟಿಯಿಂದ ಹೆಸರುಗಳನ್ನು ಅಳಿಸಬೇಕೆಂದು ಆನ್‌ಲೈನಿನಲ್ಲಿ ಬಂದ ಸಾವಿರಾರು ಅರ್ಜಿಗಳಲ್ಲಿ ಬಹುಪಾಲು ಸುಳ್ಳೆಂದು ತಿಳಿದುಬಂದದ್ದು ಸ್ಥಳಕ್ಕೆ ಹೋಗಿ ವಿಚಾರಿಸಿದ್ದರಿಂದ. ಹಾಗೆ ಮನೆಮನೆಗೆ ಹೋಗುವವರಿಗೂ ಸಮಯ ಬೇಕು, ತರಬೇತಿ ಬೇಕು, ಭತ್ಯೆ ಬೇಕು.

ಶಿರಹಟ್ಟಿಯಂತಹ ಪಟ್ಟಣ ಪಂಚಾಯಿತಿಯು ನೀರು, ಚರಂಡಿ, ಬೀದಿದೀಪಗಳಿಗಿರುವ ಅಲ್ಪ ವರಮಾನದಲ್ಲಿ ಸ್ಟ್ರಾಂಗ್ ರೂಮಿನ ಕಾವಲಿನ ಕ್ಯಾಮೆರಾಗಳಿಗೆ ಹಣ ತೆಗೆದಿಡಲೆನ್ನುವುದು ನ್ಯಾಯವಾಗದು. ಮಾರ್ಚಿ ಕಳೆದರೂ ವ್ಯಪಗತವಾಗದ, ಆಯೋಗದ ಕೈಯಲ್ಲಿರುವ, ಲೆಕ್ಕಪರಿಶೋಧನೆಗೆ ಒಳಪಟ್ಟ ಪ್ರತ್ಯೇಕ ನಿಧಿಯೊಂದನ್ನು ವಿಧಾನಮಂಡಲವು ಕಾಯಿದೆಯಿಂದ ಸ್ಥಾಪಿಸಲಿ. ಇದಕ್ಕೆ ಇನ್ನು ತಡವಾಗಬಾರದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ತೀರಿದ್ದು 2021ರಲ್ಲಿ. 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಲಕ್ಷ್ಮೇಶ್ವರದ ಮತದಾರನು ತನ್ನದೇ ತಾಲ್ಲೂಕು ಪಂಚಾಯಿತಿಯ ಚುನಾವಣೆಗಾಗಿ ಕಾದೇ ಇದ್ದಾನೆ. ಆ ಮೊದಲ ಚುನಾವಣೆಯ ಅಧಿಸೂಚನೆ ಹೊರಡುವ ಮುನ್ನವೇ ಈ ನಿಧಿಯ ಮಸೂದೆ ಸದನದ ಮುಂದೆ ಬರಬೇಕು.