ಹೊಟೇಲಿನ ಒಲೆಗೂ ಹಡಗಿನ ದಾರಿಗೂ ನಂಟು: ಗೇಲ್ ಬೆಳವಣಿಗೆ ಮತ್ತು ಪುಣೆ ಕನ್ನಡಿಗರು

ಪುಣೆ: ಪುಣೆ, ಪಿಂಪ್ರಿ-ಚಿಂಚ್‌ವಾಡ್ ಪರಿಸರದಲ್ಲಿ ಹೊಟೇಲು ನಡೆಸುತ್ತಿರುವ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಕರಾವಳಿ ಮೂಲದವರು. ಇಲ್ಲಿನ ಮನೆ, ಹೊಟೇಲು, ರಿಕ್ಷಾಗಳಿಗೆ ಅನಿಲ ಪೂರೈಸುವ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಸಂಸ್ಥೆಯನ್ನು 2006ರಲ್ಲಿ ಹುಟ್ಟುಹಾಕಿದ್ದು ಸರಕಾರಿ ಸ್ವಾಮ್ಯದ ಗೇಲ್ ಮತ್ತು ಭಾರತ್ ಪೆಟ್ರೋಲಿಯಂ.

1984ರಲ್ಲಿ ಸ್ಥಾಪನೆಯಾದ ಗೇಲ್, ಗುಜರಾತಿನ ಹಜೀರಾದಿಂದ ಉತ್ತರ ಪ್ರದೇಶದ ಜಗದೀಶಪುರದವರೆಗೆ ಕೊಳವೆ ಹಾಸುವುದರೊಂದಿಗೆ ಕೆಲಸ ಆರಂಭಿಸಿ, 2013ರಲ್ಲಿ ಮಹಾರತ್ನ ಸ್ಥಾನಕ್ಕೇರಿತು. ಅದೇ ವರ್ಷ ರತ್ನಾಗಿರಿ ಜಿಲ್ಲೆಯ ದಾಭೋಲ್‌ನಿಂದ ಬೆಳಗಾವಿ, ಧಾರವಾಡ ದಾರಿಯಾಗಿ ಬೆಂಗಳೂರಿಗೆ ಅದರ ಕೊಳವೆ ತಲಪಿತು. 2021ರ ಜನವರಿ 5ರಂದು 450 ಕಿ.ಮೀ. ಉದ್ದದ ಕೊಚ್ಚಿ-ಮಂಗಳೂರು ಮಾರ್ಗವೂ ಉದ್ಘಾಟನೆಗೊಂಡಿತು. ಹೀಗೆ ಹುಟ್ಟೂರು, ದುಡಿಯುವ ಊರು ಎರಡಕ್ಕೂ ಅನಿಲ ತರುವ ಹೊಣೆ ಒಂದೇ ಸಂಸ್ಥೆಯದ್ದಾಗಿದೆ.

ಆದರೆ ಕೊಳವೆ ನಮ್ಮದಾದರೂ ಒಳಗೆ ಹರಿಯುವ ಅನಿಲವೆಲ್ಲ ನಮ್ಮದಲ್ಲ. ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧದಷ್ಟು ಆಮದಾಗುತ್ತಿದೆ. ರಷ್ಯದ ಗಾಜ್‌ಪ್ರೋಮ್ ಸಮೂಹದ ಸಿಂಗಾಪುರ ಶಾಖೆಯೊಂದಿಗೆ ಗೇಲ್ 2012ರಲ್ಲಿ 20 ವರ್ಷಗಳ ಒಪ್ಪಂದ ಮಾಡಿಕೊಂಡು, 2018ರಿಂದ ಅನಿಲ ಪಡೆಯತೊಡಗಿತ್ತು. 2022ರ ಉಕ್ರೇನ್ ಯುದ್ಧದ ಬಳಿಕ ಆ ಶಾಖೆಯ ಮಾತೃಸಂಸ್ಥೆ ಜರ್ಮನಿಯ ಹಿಡಿತಕ್ಕೆ ಹೋಯಿತು, ರಷ್ಯ ಅದರ ಮೇಲೆ ನಿರ್ಬಂಧ ಹೇರಿತು, ಭಾರತಕ್ಕೆ ಬರಬೇಕಾದ ಹಡಗುಗಳು ನಿಂತವು. ಜಗಳ ಇಬ್ಬರದ್ದು, ನಷ್ಟ ಮೂರನೆಯವರದ್ದು. ಪೂರೈಕೆ 2023ರಲ್ಲಿ ಪುನರಾರಂಭವಾಯಿತು. 28.5 ಕೋಟಿ ಡಾಲರ್ ಪರಿಹಾರದೊಂದಿಗೆ ವಿವಾದ ಇತ್ಯರ್ಥವಾಗಿದ್ದು 2025ರ ಜನವರಿಯಲ್ಲಿ.

ಪುಣೆಯೂ ಆ ಬಿಸಿ ಉಂಡಿತು. 2022ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರಕಾರ ಸಿಎನ್‌ಜಿ ಮೇಲಿನ ವ್ಯಾಟ್ ಶೇ. 13.5ರಿಂದ ಶೇ. 3ಕ್ಕೆ ಇಳಿಸಿದಾಗ ನಗರದಲ್ಲಿ ಕಿಲೋಗೆ 62 ರೂ. ಆಸುಪಾಸಿನಲ್ಲಿದ್ದ ದರ, ಆಗಸ್ಟ್ ವೇಳೆಗೆ 90 ರೂ. ದಾಟಿತು. ತೆರಿಗೆ ಇಳಿಕೆಯ ಲಾಭವನ್ನು ಜಾಗತಿಕ ಮಾರುಕಟ್ಟೆ ನುಂಗಿತು.

ಹೊಟೇಲಿನವರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಅಗ್ಗದ ದೇಶೀಯ ಅನಿಲದಲ್ಲಿ ಮನೆಬಳಕೆಗೂ ವಾಹನಗಳಿಗೂ ಆದ್ಯತೆ. ಹೊಟೇಲು, ಕಾರ್ಖಾನೆಗಳು ಹೆಚ್ಚಾಗಿ ಆಮದು ಅನಿಲವನ್ನೇ ಅವಲಂಬಿಸಿವೆ. ಸಿಲಿಂಡರಿಗೆ ಮರಳಿದರೂ ಪಾರಾಗಲಾಗದು, ಎಲ್‌ಪಿಜಿಯ ಹೆಚ್ಚಿನ ಪಾಲೂ ಹೊರದೇಶದ್ದೇ.

ಅಮೆರಿಕದ ಅನಿಲ ಹೊತ್ತ ಗೇಲ್‌ನ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ದಾಭೋಲ್‌ಗೆ ಬಂತು. ಗೇಲ್ ಪಾಲುದಾರನಾಗಿರುವ ಪೆಟ್ರೋನೆಟ್ 2024ರಲ್ಲಿ ಕತಾರ್‌ನೊಂದಿಗಿನ ಒಪ್ಪಂದವನ್ನು 2048ರವರೆಗೆ ವಿಸ್ತರಿಸಿತು. ಆದರೆ ಕತಾರ್‌ನ ಹಡಗುಗಳು ಇಕ್ಕಟ್ಟಾದ ಹೊರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕು. ಆದ್ದರಿಂದ ಹೊಸ ಕೊಳವೆಯ ಉದ್ಘಾಟನೆಯಷ್ಟೇ ಸಾಲದು, ಪೂರೈಕೆ ಕಡಿತವಾದರೆ ಸಣ್ಣ ಹೊಟೇಲುಗಳ ಗತಿಯೇನೆಂಬ ಪ್ರಶ್ನೆಯನ್ನೂ ಉದ್ಯಮಿಗಳು ಒಗ್ಗಟ್ಟಿನಿಂದ ಕೇಳುವುದು ಒಳಿತು.